ತೂಕದ ಕೌಂಟರು, ಕಣ್ಣಿನ ಕೌಂಟರು: ಊರಿಗೆ ಮರಳುವ ಮುನ್ನ ನಾಣ್ಯ ಮಾರಿದ ಅನುಭವ

ಉತ್ತರ ಟೆಕ್ಸಾಸಿನ ಪ್ಲೇನೊ ನಗರದಲ್ಲಿ ಬಹುಕಾಲ ನೆಲೆಸಿದ್ದ ನಾವು 2025ರ ಡಿಸೆಂಬರಿನಲ್ಲಿ ಸಂಸಾರ ಸಮೇತ ಬೆಂಗಳೂರಿಗೆ ಮರಳಿದೆವು. ಮನೆ ಮಾರುವುದು ಹೇಗೆ, ನಿವೃತ್ತಿ ಖಾತೆಯ ಹಣವನ್ನು ಏನು ಮಾಡುವುದು, ಮಕ್ಕಳ ಶಾಲೆಯ ಕಾಗದಪತ್ರ ಯಾವುವು ಎಂಬುದಕ್ಕೆಲ್ಲ ನಮಗಿಂತ ಮೊದಲು ಹೊರಟವರು ದಾರಿ ತೋರಿಸಿದರು. ಬೀರುವಿನಲ್ಲಿದ್ದ ನಾಣ್ಯಗಳ ವಿಷಯ ಕೇಳಿದಾಗ ಮಾತ್ರ ಎಲ್ಲರೂ ‘ಅದಕ್ಕೇನು, ಹತ್ತಿರದ ಕಾಯಿನ್ ಶಾಪಿಗೆ ಕೊಟ್ಟುಬಿಡಿ’ ಎಂದರು. ಕೊಟ್ಟುಬಿಡುವುದು ಅಷ್ಟು ಸಲೀಸಾಗಿ ಆಗಲಿಲ್ಲ. ಕಾಯಿನ್ ಶಾಪು ಹೊರಗಿನಿಂದ ಒಂದೇ ಅಂಗಡಿಯಂತೆ ಕಂಡರೂ ಒಳಗೆ ಎರಡು ವ್ಯಾಪಾರಗಳು ಒಂದೇ ಸೂರಿನಡಿ ನಡೆಯುತ್ತಿರುತ್ತವೆ. ಒಂದರಲ್ಲಿ ಲೋಹವನ್ನು ತೂಗುತ್ತಾರೆ, ಇನ್ನೊಂದರಲ್ಲಿ ನಾಣ್ಯವನ್ನು ನೋಡುತ್ತಾರೆ. ಯಾವ ವಸ್ತುವನ್ನು ಯಾವ ಹೊತ್ತಿನಲ್ಲಿ ಯಾವ ಕೌಂಟರಿನ ಮುಂದೆ ಇಡಬೇಕೆಂಬುದು ಗೊತ್ತಿದ್ದರೆ ಕೈಗೆ ಬರುವ ಹಣವೇ ಬೇರೆ. ಮುಂದೆ ಹೊರಡುವವರಿಗೆ ಉಪಯೋಗವಾದೀತೆಂದು ನಡೆದುದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಎರಡು ಬಗೆಯ ಸರಕು ಇತ್ತು. ಮೊದಲನೆಯದು ನನ್ನ ಹೆಂಡತಿಯದು: ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಆಕೆ ತಪ್ಪದೆ ಕೊಳ್ಳುತ್ತಿದ್ದ ಅಮೆರಿಕನ್ ಸಿಲ್ವರ್ ಈಗಲ್ ನಾಣ್ಯಗಳು ಮತ್ತು ಹತ್ತು ಔನ್ಸಿನ ಕೆಲವು ಗಟ್ಟಿಗಳು. 1986ರಿಂದ ಅಮೆರಿಕದ ಟಂಕಸಾಲೆ ಹೊರತರುತ್ತಿರುವ ಈ ಈಗಲ್‌ನಲ್ಲಿ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ಎರಡನೆಯದು ನನ್ನ ಹವ್ಯಾಸದ ಸರಕು: ಮೋರ್ಗನ್ ಮತ್ತು ಪೀಸ್ ಎಂಬ ಹಳೆಯ ಬೆಳ್ಳಿ ಡಾಲರುಗಳು, ಲಿಂಕನ್ ಸೆಂಟುಗಳ ಆಲ್ಬಮ್ಮುಗಳು, ಮರ್ಕ್ಯುರಿ ಡೈಮು ಎಂಬ ಹಳೆಯ ಹತ್ತು ಸೆಂಟಿನ ನಾಣ್ಯಗಳು, ಟಂಕಸಾಲೆ ಸಂಗ್ರಾಹಕರಿಗೆಂದೇ ಅಚ್ಚು ಹಾಕುವ ಪ್ರೂಫ್ ಸೆಟ್ಟುಗಳು, 1924ರ ಇಪ್ಪತ್ತು ಡಾಲರಿನ ಒಂದು ಚಿನ್ನದ ನಾಣ್ಯ, ಜೊತೆಗೆ ಹಳೆಯ ಚಿಲ್ಲರೆ ತುಂಬಿದ ಒಂದು ಬಟ್ಟೆಯ ಚೀಲ. 1964ರವರೆಗಿನ ಅಮೆರಿಕದ ಡೈಮು, ಕ್ವಾರ್ಟರು (ಇಪ್ಪತ್ತೈದು ಸೆಂಟು), ಅರ್ಧ ಡಾಲರುಗಳಲ್ಲಿ ತೊಂಬತ್ತು ಪ್ರತಿಶತ ಬೆಳ್ಳಿ ಇರುವುದರಿಂದ ಅಂಥ ಸವೆದ ಚಿಲ್ಲರೆಯನ್ನು ಅಲ್ಲಿನ ಅಂಗಡಿಯವರು ‘ಜಂಕ್ ಸಿಲ್ವರ್’ ಎನ್ನುತ್ತಾರೆ. ಹೆಸರು ಕೇಳಿ ಕಡೆಗಣಿಸುವಂತಿಲ್ಲ. ನಮ್ಮ ಇಡೀ ಬೆಳ್ಳಿಯಲ್ಲಿ ದೊಡ್ಡ ಪಾಲು ಇದ್ದದ್ದೇ ಆ ಚೀಲದಲ್ಲಿ.

ಮಾರುವ ತೀರ್ಮಾನವಾದದ್ದು ಸೆಪ್ಟೆಂಬರಿನಲ್ಲಿ. ಮೊದಲ ಕೆಲಸ ಪಟ್ಟಿ ಮಾಡುವುದು ಎಂದುಕೊಂಡಿದ್ದೆ; ಅದಕ್ಕಿಂತ ಮೊದಲು ವಿಮೆಯ ಕಾಗದ ನೋಡಬೇಕಾಯಿತು. ಅಮೆರಿಕದ ಸಾಮಾನ್ಯ ಗೃಹವಿಮೆಯ ಪಾಲಿಸಿಗಳಲ್ಲಿ ನಗದು, ನಾಣ್ಯ ಮತ್ತು ಗಟ್ಟಿ ಚಿನ್ನ ಬೆಳ್ಳಿಗೆ ಸೇರಿ ಪರಿಹಾರದ ಮಿತಿ ಹಲವೆಡೆ 200 ಡಾಲರ್ ಮಾತ್ರ. ಬ್ಯಾಂಕ್ ಲಾಕರಿನಲ್ಲಿಟ್ಟ ವಸ್ತುಗಳಿಗೆ ಠೇವಣಿ ವಿಮೆಯ ರಕ್ಷಣೆ ಇಲ್ಲವೇ ಇಲ್ಲ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಕಾರಿನಲ್ಲಿ ಹೇರಿಕೊಂಡು ಹೋಗಬಾರದು, ಭಾಗಭಾಗವಾಗಿ ಒಯ್ಯಬೇಕು ಎಂದು ನಿಶ್ಚಯಿಸಿದೆವು. ಪಟ್ಟಿಯಲ್ಲಿ ನಾಣ್ಯದ ವರ್ಷ, ಟಂಕಸಾಲೆಯ ಗುರುತು, ಕೊಂಡ ದಿನಾಂಕ, ಕೊಂಡ ಬೆಲೆ, ಬಿಲ್ಲು ಇದೆಯೇ ಇಲ್ಲವೇ ಎಂಬ ಐದು ಕಾಲಂ ಇದ್ದರೆ ಸಾಕು. ಬಿಲ್ಲಿನ ಕಾಲಂ ಮುಖ್ಯವಾದುದು. ತೆರಿಗೆಯ ಹೊತ್ತಿಗೆ ಅದರ ಬೆಲೆ ತಿಳಿಯುತ್ತದೆ.

ಹೀಗೆ ಸಾವಕಾಶವಾಗಿ ಪಟ್ಟಿ ಮಾಡುತ್ತಿರುವಾಗಲೇ ಪೇಟೆ ಕೆರಳಿತು. ಅಕ್ಟೋಬರಿನ ಎರಡನೇ ವಾರ ಚಿನ್ನ ಔನ್ಸಿಗೆ 4,000 ಡಾಲರನ್ನೂ ಬೆಳ್ಳಿ 50 ಡಾಲರನ್ನೂ ದಾಟಿದವು. ಬೆಳ್ಳಿಯ ಮಟ್ಟಿಗೆ ಅದು 1980ರ ಜನವರಿಯಲ್ಲಿ ಬೆಳ್ಳಿಯನ್ನು ರಾಶಿ ರಾಶಿ ಕೊಂಡು ಕೂಡಿಟ್ಟ ಹಂಟ್ ಸಹೋದರರ ಕಾಲದಲ್ಲಿ ಮುಟ್ಟಿದ ಎತ್ತರ. 2011ರಲ್ಲಿ ಹತ್ತಿರ ಬಂದು ಇಳಿದುಹೋಗಿದ್ದ ದರ. ಅದೇ ಸಮಯದಲ್ಲಿ ಬೆಂಗಳೂರಿನಿಂದ ತಂಗಿ ಫೋನ್ ಮಾಡಿ, ಧನತ್ರಯೋದಶಿಗೆ ನಗರತ್‌ಪೇಟೆಯಲ್ಲಿ ಕೇಳಿದಷ್ಟು ಬೆಳ್ಳಿ ಸಿಗುತ್ತಿಲ್ಲ, ಮ್ಯೂಚುವಲ್ ಫಂಡಿನವರೂ ಬೆಳ್ಳಿ ನಿಧಿಗೆ ದೊಡ್ಡ ಮೊತ್ತದ ಹೊಸ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ ಎಂದಳು. ಲಂಡನ್ನಿನ ದಾಸ್ತಾನಿನಲ್ಲಿ ಮಾರಾಟಕ್ಕೆ ಸಿಗುವ ಬೆಳ್ಳಿಗೆ ಬರ, ಭಾರತದಲ್ಲಿ ಹಬ್ಬದ ಬೇಡಿಕೆ. ಎರಡೂ ಸೇರಿ ದರ ಏರಿತ್ತು. ಮಾರಲು ಇದಕ್ಕಿಂತ ಒಳ್ಳೆಯ ಮುಹೂರ್ತವುಂಟೇ ಎಂದುಕೊಂಡು ಚಿಲ್ಲರೆಯ ಚೀಲ ಹಾಗೂ ಮೋರ್ಗನ್ ಡಾಲರುಗಳ ಒಂದು ಪೆಟ್ಟಿಗೆ ಹಿಡಿದು ಡಲ್ಲಾಸ್ ಹೊರವಲಯದ ಒಂದು ಅಂಗಡಿಗೆ ಹೋದೆವು.

ಅಂಗಡಿಯ ಮುಂದೆ ರೇಷನ್ ಅಂಗಡಿಯ ಸಾಲಿನಂತೆ ಜನ ನಿಂತಿದ್ದರು. ಬಾಗಿಲಿನಲ್ಲಿ ಬಂದೂಕುಧಾರಿ ಕಾವಲುಗಾರ. ಒಬ್ಬರು ಹೊರಬಂದರೆ ಒಬ್ಬರನ್ನು ಒಳಗೆ ಬಿಡುತ್ತಿದ್ದ. ಅಜ್ಜಿಯ ಚಮಚಗಳ ಪೆಟ್ಟಿಗೆ ತಂದವರು, ಮುರಿದ ಸರ ತಂದವರು, ಗಟ್ಟಿ ಕೊಳ್ಳಲು ನಗದು ಹಿಡಿದು ಬಂದವರು, ನಮ್ಮಂತೆ ಚೀಲ ಹೊತ್ತವರು ಎಲ್ಲರಿಗೂ ಒಂದೇ ಸಾಲು. ಒಳಗೆ ಹೋಗುವ ಹೊತ್ತಿಗೆ ಮಧ್ಯಾಹ್ನದ ಊಟದ ಸಮಯ ಮೀರಿತ್ತು. ಕೌಂಟರಿನ ಯುವಕ ಮರ್ಯಾದೆಯಿಂದಲೇ ಮಾತನಾಡಿದ, ಆದರೆ ಅವನ ಕಣ್ಣು ಗೋಡೆಯ ಮೇಲೆ ಓಡುತ್ತಿದ್ದ ಸ್ಪಾಟ್ ದರದ, ಅಂದರೆ ಆ ಕ್ಷಣದ ಪೇಟೆಯ ದರದ, ಫಲಕದ ಮೇಲೇ ಇತ್ತು. ಚಿಲ್ಲರೆಯನ್ನು ಎಣಿಸುವ ಯಂತ್ರಕ್ಕೆ ಸುರಿಯಲು ಕೈಚಾಚಿದ. ಮೋರ್ಗನ್ ಪೆಟ್ಟಿಗೆಯನ್ನು ತೆರೆದು ಮೇಲಿನ ಎರಡು ಮೂರನ್ನು ನೋಡಿ, ಒಂದೊಂದಕ್ಕೆ ಇಷ್ಟು ಎಂದು ಎಲ್ಲಕ್ಕೂ ಸೇರಿ ಒಂದೇ ದರ ಹೇಳಿದ. ಮೋರ್ಗನ್ ಡಾಲರಿನಲ್ಲಿ 0.7734 ಔನ್ಸ್ ಬೆಳ್ಳಿ ಇರುತ್ತದೆ. 50 ಡಾಲರ್ ದರದಲ್ಲಿ ಲೋಹದ ಬೆಲೆಯೇ 38 ಡಾಲರ್ ದಾಟುತ್ತದೆ. ಅವನು ಹೇಳಿದ ದರ ಅದಕ್ಕಿಂತ ಕಡಿಮೆ. ವರ್ಷ ನೋಡುವುದಿಲ್ಲವೇ ಎಂದು ಕೇಳಿದೆ. ಇವತ್ತು ಅದಕ್ಕೆಲ್ಲ ಪುರಸೊತ್ತಿಲ್ಲ, ಬೇಕಿದ್ದರೆ ಮುಂದಿನ ವಾರ ಮಾಲೀಕರು ಇರುವಾಗ ಬನ್ನಿ ಎಂದ. ಚೀಲವನ್ನೂ ಪೆಟ್ಟಿಗೆಯನ್ನೂ ಹಾಗೆಯೇ ಎತ್ತಿಕೊಂಡು ಹೊರಬಂದೆವು.

ಆ ದಿನ ನನಗೆ ಬೇಸರವಾದದ್ದು ನಿಜ. ದರ ದಾಖಲೆಯ ಎತ್ತರದಲ್ಲಿರುವಾಗ ದರಕ್ಕಿಂತ ಕಡಿಮೆ ಏಕೆ ಕೇಳುತ್ತಾರೆ, ನಾಣ್ಯದ ಅಂಗಡಿಯಲ್ಲಿ ನಾಣ್ಯ ನೋಡುವವರೇ ಇಲ್ಲವಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ. ಉತ್ತರ ಸಿಕ್ಕಿದ್ದು ಇನ್ನೊಂದು ಅಂಗಡಿಯಲ್ಲಿ. ಅದು ಚಿಕ್ಕದು, ಒಂದು ಔಷಧಿ ಅಂಗಡಿಯ ಪಕ್ಕದ ಮಳಿಗೆ. ಮಾಲೀಕರು ಎಪ್ಪತ್ತು ದಾಟಿದವರು. ಫೋನಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಸಂಗ್ರಹದ ನಾಣ್ಯಗಳನ್ನು ಒಂದೊಂದಾಗಿ ನೋಡುವ ದಿನ ಯಾವುದು? ಬುಧವಾರ ಬೆಳಿಗ್ಗೆ, ಮೊದಲೇ ಸಮಯ ಗೊತ್ತುಮಾಡಿಕೊಂಡು ಬನ್ನಿ ಎಂದರು. ಈ ಪ್ರಶ್ನೆಗೆ ಉತ್ತರ ಕೊಡಲಾಗದ ಅಂಗಡಿಗೆ ಗಟ್ಟಿ ಒಯ್ಯಿರಿ, ಸಂಗ್ರಹ ಒಯ್ಯಬೇಡಿ ಎಂಬುದು ನನ್ನ ಅಭಿಪ್ರಾಯ.

ಬುಧವಾರ ಅವರೊಡನೆ ಕುಳಿತಾಗ ವ್ಯಾಪಾರಕ್ಕಿಂತ ಮೊದಲು ಅಂಗಡಿಯ ಅರ್ಥಶಾಸ್ತ್ರವೇ ಚರ್ಚೆಗೆ ಬಂತು. ಗಟ್ಟಿ ಮತ್ತು ಈಗಲ್‌ಗಳಲ್ಲಿ ಸಿಗುವ ಲಾಭ ಕೆಲವೇ ಪ್ರತಿಶತ, ಆದರೆ ಅದು ದಿನವೂ ಬರುತ್ತದೆ. ಬಾಡಿಗೆ, ಕಾವಲುಗಾರನ ಸಂಬಳ, ವಿಮೆಯ ಕಂತು ನಡೆಯುವುದು ಅದರಿಂದ. ಸಂಗ್ರಾಹಕರ ನಾಣ್ಯದಲ್ಲಿ ಲಾಭದ ಪಾಲು ಹೆಚ್ಚಾದರೂ ಒಂದು ನಾಣ್ಯ ಗಾಜಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂರಬಹುದು. ದರ ಶಾಂತವಾಗಿದ್ದಾಗ ಒಂದು ಇನ್ನೊಂದನ್ನು ಸಾಕುತ್ತದೆ. ದರ ಕೆರಳಿದಾಗ ಸಮತೋಲ ತಪ್ಪುತ್ತದೆ: ಕೊಳ್ಳುವವರಿಗಿಂತ ಮಾರುವವರು ಹೆಚ್ಚಾಗುತ್ತಾರೆ, ಅಂಗಡಿಯ ಬಂಡವಾಳವೆಲ್ಲ ಲೋಹದಲ್ಲಿ ಸಿಕ್ಕಿಕೊಳ್ಳುತ್ತದೆ, ಸಂಗ್ರಾಹಕನಿಂದ ಒಳ್ಳೆಯ ನಾಣ್ಯ ಕೊಳ್ಳಲು ಕೈಯಲ್ಲಿ ಹಣವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಸಗಟು ವ್ಯಾಪಾರಿಗೆ ಅಂದೇ ಮಾರಿ ದರ ಭದ್ರಪಡಿಸಿಕೊಳ್ಳುವುದು ಅವರ ಪದ್ಧತಿ. ಅಕ್ಟೋಬರಿನಲ್ಲಿ ಸಗಟಿನವರೇ ತೊಂಬತ್ತು ಪ್ರತಿಶತದ ಬೆಳ್ಳಿಯ ಮಟ್ಟಿಗೆ ಹಿಂದೆ ಸರಿದಿದ್ದರು. ಕಾರಣ, ಆ ಚಿಲ್ಲರೆಯನ್ನು ಕರಗಿಸಿ ಶುದ್ಧೀಕರಿಸಿದ ಮೇಲೆಯೇ ಗಟ್ಟಿಯಾಗುವುದು. ಶುದ್ಧೀಕರಣ ಘಟಕಗಳ ಮುಂದೆ ವಾರಗಟ್ಟಲೆ ಕಾಯುವ ಸರಕು ನಿಂತಿತ್ತು. ಬೆಲೆ ಏರಿದಂತೆಲ್ಲ ಜಂಕ್ ಸಿಲ್ವರ್‌ಗೆ ಲೋಹದ ಬೆಲೆಯಲ್ಲಿ ಹಾಕುವ ಕಡಿತವೂ ಏರಿದ್ದು ಹೀಗೆ. ನನ್ನ ಗೊಣಗಾಟ ಇದನ್ನು ಕೇಳಿದ ಮೇಲೆ ಅರ್ಧಕ್ಕರ್ಧ ಇಳಿಯಿತು.

ಅವರು ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ತಾಗಿತು. ಈ ಸಲದ ಏರಿಕೆಯಲ್ಲಿ ಸವೆದ ಮೋರ್ಗನ್‌ಗಳು ಮೂಟೆಗಟ್ಟಲೆ ಕರಗಲು ಹೋಗುತ್ತಿವೆ ಎಂದರು. ಹಾಗೆ ಹೋಗುವುದು ಹೊಸದಲ್ಲ. 1918ರ ಪಿಟ್‌ಮನ್ ಕಾಯಿದೆಯಡಿ ಅಮೆರಿಕ ಸರ್ಕಾರವೇ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆಗ ಕರಗಿದ ಬೆಳ್ಳಿಯ ಬಹುಪಾಲು ಹಡಗಿನಲ್ಲಿ ಬಂದದ್ದು ನಮ್ಮ ಕಡೆಗೇ: ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಭಾರತದಲ್ಲಿ ನೋಟಿಗೆ ಬದಲು ಬೆಳ್ಳಿಯ ರೂಪಾಯಿ ಕೊಡಲಾಗದ ಸ್ಥಿತಿ ಬಂದು, ಆ ಬೆಳ್ಳಿ ಇಲ್ಲಿನ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು. ನಮ್ಮ ಅಜ್ಜಂದಿರ ಟ್ರಂಕಿನಲ್ಲಿದ್ದ ಐದನೇ ಜಾರ್ಜನ 1918ರ ರೂಪಾಯಿಗಳಲ್ಲಿ ಎಷ್ಟೋ ಹಿಂದೆ ಡಾಲರುಗಳಾಗಿದ್ದಿರಬಹುದು.

ಮನೆಗೆ ಬಂದು ವಿಂಗಡಣೆ ಆರಂಭಿಸಿದೆ. ಮುಂದೆ ಮಾರುವವರು ಈ ಹಂತಕ್ಕೆ ಸಾಕಷ್ಟು ಸಂಜೆಗಳನ್ನು ಮೀಸಲಿಡಬೇಕು. ಚೀಲದ ಚಿಲ್ಲರೆಯನ್ನು ಡೈಮು, ಕ್ವಾರ್ಟರು, ಅರ್ಧ ಡಾಲರು ಎಂದು ಬೇರೆ ಮಾಡಿ ಮುಖಬೆಲೆ ಕೂಡಿಸಬೇಕು. ಒಂದು ಡಾಲರ್ ಮುಖಬೆಲೆಯ ಸವೆದ ಚಿಲ್ಲರೆಯಲ್ಲಿ 0.715 ಔನ್ಸ್ ಬೆಳ್ಳಿ ಎಂಬುದು ವ್ಯಾಪಾರದ ಲೆಕ್ಕ. ಆದ್ದರಿಂದ ನೂರು ಡಾಲರ್ ಮುಖಬೆಲೆಗೆ 71.5 ಔನ್ಸ್. 1965ರಿಂದ 1970ರವರೆಗಿನ ಕೆನಡಿ ಅರ್ಧ ಡಾಲರುಗಳಲ್ಲಿ ನಲವತ್ತು ಪ್ರತಿಶತ ಮಾತ್ರ ಬೆಳ್ಳಿ, ಅವನ್ನು ಪ್ರತ್ಯೇಕವಾಗಿಡದಿದ್ದರೆ ಕೌಂಟರಿನಲ್ಲಿ ಇಡೀ ಲೆಕ್ಕ ಮತ್ತೆ ಮೊದಲಿನಿಂದ. ಯಂತ್ರಕ್ಕೆ ಸುರಿಯುವ ಮುನ್ನ ಮರ್ಕ್ಯುರಿ ಡೈಮುಗಳ ಹಿಂಬದಿಯನ್ನು ಒಂದೊಂದಾಗಿ ನೋಡಿದೆ; 1916ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಅಚ್ಚಾದವು 2,64,000 ಮಾತ್ರ, ಎಷ್ಟೇ ಸವೆದಿದ್ದರೂ ಅದಕ್ಕೆ ನೂರಾರು ಡಾಲರ್ ಬೆಲೆ. ನನ್ನ ಚೀಲದಲ್ಲಿ ಇರಲಿಲ್ಲ. ಇದ್ದಿದ್ದರೂ ಅಕ್ಟೋಬರಿನ ಆ ಸಾಲಿನಲ್ಲಿ ಯಾರೂ ಅದನ್ನು ಹುಡುಕಿ ಕೊಡುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ: ಮಾರುವ ಮುನ್ನ ನಾಣ್ಯ ತೊಳೆಯಬೇಡಿ. ಹುಣಸೆಹಣ್ಣು, ಪೀತಾಂಬರಿ, ಬೆಳ್ಳಿ ಉಜ್ಜುವ ಪುಡಿ ಯಾವುದೂ ಕೂಡದು. ಪೂಜೆಯ ಪಾತ್ರೆ ಬೆಳಗುವ ನಮ್ಮ ಅಭ್ಯಾಸ ಸಂಗ್ರಾಹಕರ ನಾಣ್ಯಕ್ಕೆ ಪರಮ ಶತ್ರು. ಹಾಗೆಯೇ ಹಳೆಯ ಮೆತ್ತನೆಯ ಪಿವಿಸಿ ಚೀಲಗಳಲ್ಲಿರುವ ನಾಣ್ಯಗಳ ಮೇಲೆ ಹಸಿರು ಜಿಡ್ಡು ಕಂಡರೆ ಬೆರಳಿನಿಂದ ಒರೆಸದೆ ಹಾಗೆಯೇ ಅಂಗಡಿಯವರಿಗೆ ತೋರಿಸಿ.

ಪೂಜೆಯ ಈಗಲ್‌ಗಳ ಕಥೆ ಬೇಗ ಮುಗಿಯಿತು. ಅವನ್ನು ತೂಕದ ಕೌಂಟರಿಗೇ ಒಯ್ದೆವು. ಚಾಲಕ ಪರವಾನಗಿಯ ಪ್ರತಿ ತೆಗೆದುಕೊಂಡರು, ಗಟ್ಟಿಗಳನ್ನು ಎಕ್ಸ್‌ಆರ್‌ಎಫ್ ಎಂಬ ಎಕ್ಸ್-ಕಿರಣದ ಯಂತ್ರದ ಕೆಳಗಿಟ್ಟು ಶುದ್ಧತೆ ನೋಡಿದರು, ದರ ಬರೆದು ತೋರಿಸಿದರು. ಕೆಲವು ಈಗಲ್‌ಗಳ ಮೇಲೆ ಅರಿಶಿನ ಕುಂಕುಮದ ಕಲೆ ಉಳಿದಿತ್ತು. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ತುಕ್ಕು ಎಂದುಕೊಂಡು ಉಗುರಿನಿಂದ ಕೆರೆದು, ಬೆರಳಿನ ತುದಿ ಕೆಂಪಾದದ್ದನ್ನು ಕಂಡು ಗಾಬರಿಯಾದಳು. ನನ್ನ ಹೆಂಡತಿ ಲಕ್ಷ್ಮೀಪೂಜೆ ಎಂದರೇನೆಂದು ವಿವರಿಸಬೇಕಾಯಿತು. ಕಲೆ ಇದ್ದವಕ್ಕೆ ಔನ್ಸಿಗೆ ಒಂದು ಡಾಲರ್ ಕಡಿಮೆ ಹಾಕಿದರು, ಅಷ್ಟೇ. ದರ ಅಕ್ಟೋಬರ್ 21ರಂದು ಒಮ್ಮೆಲೇ ಕುಸಿದಿತ್ತು; ಈಗಲ್, ಗಟ್ಟಿ, ಚೀಲದ ಚಿಲ್ಲರೆ ಎಲ್ಲವನ್ನೂ ನಾವು ಮಾರಿದ್ದು ಆ ಕುಸಿತದ ನಂತರ. ಎತ್ತರದ ದಿನಕ್ಕೆ ಹೋಲಿಸಿದರೆ ಕಡಿಮೆಯೇ ಸಿಕ್ಕಿತು, ಆದರೆ ಸಾಲು ಕರಗಿತ್ತು, ಚಿಲ್ಲರೆಯ ಮೇಲಿನ ಕಡಿತವೂ ತುಸು ಇಳಿದಿತ್ತು. ಲೆಕ್ಕ ಹಾಕಿ ನೋಡಿದಾಗ ಗಟ್ಟಿಯಲ್ಲಿ ಕಳೆದುಕೊಂಡದ್ದನ್ನು ಚಿಲ್ಲರೆಯಲ್ಲಿ ಒಂದಿಷ್ಟು ಮರಳಿ ಪಡೆದಿದ್ದೆವು.

ಮೋರ್ಗನ್ ಪೆಟ್ಟಿಗೆಯನ್ನು ಬುಧವಾರದ ಅಂಗಡಿಗೆ ಒಯ್ದೆ. ಮಾಲೀಕರು ಮೇಜಿನ ಮೇಲೆ ಕಪ್ಪು ಮಕಮಲ್ಲು ಹಾಸಿ, ಹಳೆಯ ಕಾಲದ ಬಲ್ಬಿನ ದೀಪವೊಂದನ್ನು ಹತ್ತಿರಕ್ಕೆ ಎಳೆದುಕೊಂಡರು. ನಾಣ್ಯದ ಮುಖವನ್ನಾಗಲಿ ಬೆನ್ನನ್ನಾಗಲಿ ಮುಟ್ಟದೆ ಅಂಚನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು, ದೀಪದ ಕೆಳಗೆ ನಿಧಾನವಾಗಿ ಓರೆಯಾಗಿಸಿದರು. ಅಚ್ಚಿನಿಂದ ಹೊರಬಂದಾಗಿನ ಮೂಲ ಹೊಳಪು ಉಳಿದಿದ್ದರೆ ಬೆಳಕಿನ ಪಟ್ಟಿಗಳು ನಡುವಿನಿಂದ ಅಂಚಿನವರೆಗೆ ಹರಡಿ ನಾಣ್ಯದೊಡನೆ ಸುತ್ತುತ್ತವೆ. ತೊಳೆದ ನಾಣ್ಯದಲ್ಲಿ ಬೆಳಕು ಕದಲದೆ ಒಂದೇ ಕಡೆ ನಿಲ್ಲುತ್ತದೆ. ಆಮೇಲೆ ಭೂತಗನ್ನಡಿ ಹಿಡಿದು ನಾಣ್ಯದ ಮೇಲಿನ ಲಿಬರ್ಟಿ ದೇವಿಯ ಕೆನ್ನೆಯ ಗೀರುಗಳನ್ನೂ ಕಿವಿಯ ಮೇಲಿನ ಕೂದಲಿನ ಎಳೆಗಳನ್ನೂ ನೋಡಿದರು, ತಿರುಗಿಸಿ ಮಾಲೆಯ ಕೆಳಗಿನ ಟಂಕಸಾಲೆಯ ಗುರುತು ನೋಡಿದರು. ಒಂದೊಂದಕ್ಕೂ ಅರ್ಧ ನಿಮಿಷ. ನೋಡಿದಂತೆ ಮೂರು ಗುಂಪು ಮಾಡಿದರು: ಬೆಳ್ಳಿಯ ಬೆಲೆಯವು, ಅದಕ್ಕಿಂತ ತುಸು ಹೆಚ್ಚಿನವು, ಬೇರೆಯಾಗಿಯೇ ಮಾತಾಡಬೇಕಾದವು. ಮೊದಲ ಗುಂಪೇ ದೊಡ್ಡದು. 1921ರ ಮೋರ್ಗನ್‌ಗಳೆಲ್ಲ ಅಲ್ಲಿಗೇ ಹೋದವು.

ಮೂರನೇ ಗುಂಪಿನಲ್ಲಿ ನೆವಾಡಾದ ಕಾರ್ಸನ್ ಸಿಟಿ ಟಂಕಸಾಲೆಯ ಎರಡು ನಾಣ್ಯಗಳಿದ್ದವು. ಒಂದು 1884ರದು, ಸರ್ಕಾರವೇ ಮಾರಿದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಆ ವರ್ಷ ಅಲ್ಲಿ ಅಚ್ಚಾದ 11 ಲಕ್ಷ ಮೀರಿದ ಡಾಲರುಗಳಲ್ಲಿ 9 ಲಕ್ಷಕ್ಕೂ ಹೆಚ್ಚು ಬಳಕೆಗೇ ಬಾರದೆ ಖಜಾನೆಯಲ್ಲಿ ಉಳಿದು, 1972ರಿಂದ 1980ರವರೆಗೆ ಕಂತುಕಂತಾಗಿ ಅಂಚೆಯ ಮೂಲಕ ಸಾರ್ವಜನಿಕರಿಗೆ ಮಾರಾಟವಾದವು. ಅಂಥ ಡಬ್ಬಿಯಿದ್ದರೆ ಒಡೆಯಬೇಡಿ, ಪೆಟ್ಟಿಗೆಯನ್ನೂ ಜೊತೆಯ ಕಾಗದವನ್ನೂ ಎಸೆಯಬೇಡಿ. ಇದಕ್ಕೆ ಬೆಳ್ಳಿಯ ಬೆಲೆಯ ಹಲವು ಪಟ್ಟು ಕೊಟ್ಟರು. ಇನ್ನೊಂದನ್ನು ದೀಪಕ್ಕೆ ಹಿಡಿದು ಅವರು ಬಹಳ ಹೊತ್ತು ಸುಮ್ಮನಿದ್ದರು. ಎಂದೋ ಯಾರೋ ಅದನ್ನು ಉಜ್ಜಿದ್ದರು. ಗ್ರೇಡಿಂಗಿಗೆ, ಅಂದರೆ ಸ್ಥಿತಿ ನೋಡಿ ಅಂಕ ಕೊಡುವವರಿಗೆ, ಕಳುಹಿಸಿದರೂ ಅಂಕವಿಲ್ಲದೆ, ತೊಳೆದದ್ದು ಎಂಬ ಷರಾ ಹೊತ್ತ ಡಬ್ಬಿಯಲ್ಲಿ ಮರಳುತ್ತದೆ ಎಂದರು.

ಗ್ರೇಡಿಂಗ್ ಬಗ್ಗೆ ನನ್ನ ಗೆಳೆಯರೆಲ್ಲ ಕೇಳುವುದರಿಂದ ಎರಡು ಮಾತು. 1986ರಲ್ಲಿ ಕೆಲಸ ಆರಂಭಿಸಿದ ಪಿಸಿಜಿಎಸ್ ಮತ್ತು ಮರುವರ್ಷದ ಎನ್‌ಜಿಸಿ ಎಂಬ ಎರಡು ಸಂಸ್ಥೆಗಳು 1ರಿಂದ 70ರ ಅಂಕಪಟ್ಟಿಯಲ್ಲಿ ನಾಣ್ಯದ ಸ್ಥಿತಿಗೆ ಅಂಕ ಕೊಟ್ಟು ಮುಚ್ಚಿದ ಡಬ್ಬಿಯಲ್ಲಿಟ್ಟು ಕಳುಹಿಸುತ್ತವೆ. ಶುಲ್ಕ, ಹೋಗಿಬರುವ ವಿಮೆಸಹಿತ ಅಂಚೆ ಎಲ್ಲ ಸೇರಿ ಒಂದೊಂದು ನಾಣ್ಯಕ್ಕೆ ಹತ್ತಾರು ಡಾಲರ್ ಬೀಳುತ್ತದೆ, ಕಾಯುವುದು ವಾರಗಳಿಂದ ತಿಂಗಳುಗಳವರೆಗೆ. ವಿಮಾನದ ಟಿಕೆಟು ಕೈಯಲ್ಲಿರುವವರಿಗೆ ಇದು ಹೇಳಿ ಮಾಡಿಸಿದ ದಾರಿಯಲ್ಲ. ನೂರೈವತ್ತು ಇನ್ನೂರು ಡಾಲರಿಗಿಂತ ಕೆಳಗಿನ ನಾಣ್ಯಕ್ಕಂತೂ ಬೇಡವೇ ಬೇಡ. ಡಲ್ಲಾಸಿನಲ್ಲಿಯೇ ಪ್ರಖ್ಯಾತ ಹೆರಿಟೇಜ್ ಹರಾಜು ಸಂಸ್ಥೆಯ ಮುಖ್ಯ ಕಚೇರಿ ಇದೆ. ಸಾವಿರಾರು ಡಾಲರ್ ಬೆಲೆಯ ಅಪರೂಪದ ನಾಣ್ಯವಿದ್ದವರು ಆ ಬಾಗಿಲನ್ನು ತಟ್ಟಬಹುದು. ನನ್ನ ಸಂಗ್ರಹ ಆ ಮಟ್ಟದ್ದಾಗಿರಲಿಲ್ಲ.

ನಿರಾಸೆಗಳನ್ನೂ ಹೇಳಿಬಿಡುತ್ತೇನೆ. ಟಂಕಸಾಲೆಯಿಂದಲೇ ಕೊಂಡ ಪ್ರೂಫ್ ಸೆಟ್ಟುಗಳಲ್ಲಿ ಬೆಳ್ಳಿ ಇಲ್ಲದವಕ್ಕೆ ಕೊಂಡ ಬೆಲೆಯ ಅರ್ಧವೂ ಬರಲಿಲ್ಲ. 1999ರಿಂದ 2008ರವರೆಗೆ ಬಂದ ಐವತ್ತು ರಾಜ್ಯಗಳ ಕ್ವಾರ್ಟರುಗಳನ್ನು ಮಕ್ಕಳೊಡನೆ ಕೂತು ಜೋಡಿಸಿದ್ದೆ. ಅವು ಈಗಲೂ ಇಪ್ಪತ್ತೈದು ಸೆಂಟುಗಳೇ. ಸ್ಮಾರಕ ಬೆಳ್ಳಿ ಡಾಲರುಗಳು ಲೋಹದ ಬೆಲೆಗೆ ಹೋದವು. ಅತಿ ಹೆಚ್ಚು ಆಶ್ಚರ್ಯವಾದದ್ದು ಚಿನ್ನದ ನಾಣ್ಯದಲ್ಲಿ. 1924ರ ಇಪ್ಪತ್ತು ಡಾಲರಿನಲ್ಲಿ 0.9675 ಔನ್ಸ್ ಚಿನ್ನವಿದೆ. ಹಿಂದೆ ಕೊಳ್ಳುವಾಗ ಲೋಹದ ಬೆಲೆಯ ಮೇಲೆ ಧಾರಾಳ ಪ್ರೀಮಿಯಂ ಕೊಟ್ಟಿದ್ದೆ. ಚಿನ್ನ 4,000 ಡಾಲರಿನ ಆಸುಪಾಸಿಗೆ ಬಂದಾಗ ಆ ಪ್ರೀಮಿಯಂ ಆವಿಯಾಗಿ, ಲೋಹದ ಬೆಲೆಗಿಂತ ಚೂರು ಕಡಿಮೆಯನ್ನೇ ಮುಂದಿಟ್ಟರು. ನೂರು ವರ್ಷದ ನಾಣ್ಯವೂ ನಿನ್ನೆಯ ಬಿಸ್ಕತ್ತೂ ಒಂದೇ ದರಕ್ಕೆ ಬಂದು ನಿಂತಿದ್ದವು. ಅದನ್ನು ತೂಕದ ಕೌಂಟರಿಗೇ ಕೊಟ್ಟೆ. ಲಿಂಕನ್ ಸೆಂಟುಗಳ ಆಲ್ಬಮ್ಮುಗಳನ್ನು ಕೊಳ್ಳುವ ಅಂಗಡಿ ಸಿಗಲೇ ಇಲ್ಲ; ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಬಳಕೆಗೆಂದು ಅಚ್ಚಾಗುವ ಸೆಂಟುಗಳ ಕೊನೆಯ ಕಂತು ಮುಗಿಯಿತೆಂಬ ಸುದ್ದಿ ಬಂದಾಗಲೂ ಬೆಲೆ ಏನೂ ಏರಲಿಲ್ಲ. ಅವನ್ನು ಬುಧವಾರದ ಮಾಲೀಕರ ಬಳಿ ಬರುವ ಶಾಲಾಮಕ್ಕಳಿಗೆಂದು ಬಿಟ್ಟುಬಂದೆ.

ಅಲ್ಲಿಯೇ ಒಂದು ಅನಿರೀಕ್ಷಿತ ಕೆಲಸವೂ ಒದಗಿತು. ಅಂಗಡಿಯ ಮೂಲೆಯಲ್ಲಿ ವಿದೇಶಿ ನಾಣ್ಯಗಳ ತಟ್ಟೆಯೊಂದಿತ್ತು. ಅದರಲ್ಲಿ ‘ಇಂಡಿಯಾ, ಆನೆ’ ಎಂದು ಚೀಟಿ ಹಚ್ಚಿದ ಒಂದು ತಾಮ್ರದ ನಾಣ್ಯ ಕಂಡಿತು: ಒಂದು ಬದಿಯಲ್ಲಿ ಆನೆ, ಅದರ ಮೇಲೆ ಸೂರ್ಯಚಂದ್ರರ ನಡುವೆ ‘ಶ್ರೀ’, ಇನ್ನೊಂದು ಬದಿಯಲ್ಲಿ ಕನ್ನಡ ಅಕ್ಷರಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸು. ಓದಿ ಹೇಳಿದ್ದಕ್ಕೆ ಮಾಲೀಕರು ಇಡೀ ಭಾರತದ ತಟ್ಟೆಯನ್ನೇ ನನ್ನ ಮುಂದಿಟ್ಟು ವಿಂಗಡಿಸಿಕೊಡುತ್ತೀರಾ ಎಂದು ಕೇಳಿದರು. ಅದರಲ್ಲಿ ಬ್ರಿಟಿಷ್ ಕಾಲದ ರೂಪಾಯಿಗಳು ಬೆರೆತುಹೋಗಿದ್ದವು. 1939ರವರೆಗಿನ ರೂಪಾಯಿಯಲ್ಲಿ 91.7 ಪ್ರತಿಶತ ಬೆಳ್ಳಿಯಿದ್ದರೆ 1940ರಿಂದ 1945ರವರೆಗಿನವುಗಳಲ್ಲಿ ಅರ್ಧ ಮಾತ್ರ; ಎರಡನ್ನೂ ಒಂದೇ ದರಕ್ಕೆ ಇಟ್ಟಿದ್ದರು. ಒಂದು ಬೆಳಗಿನ ಕೆಲಸ. ಬದಲಿಗೆ ಕಾಸಿನ ನಾಣ್ಯವನ್ನು ಹಣ ತೆಗೆದುಕೊಳ್ಳದೆ ಕೊಟ್ಟರು. ಬಿಲ್ಲು ಮಾತ್ರ ಬರೆಸಿಕೊಂಡೆ. ಹತ್ತು ಜನ ಗಟ್ಟಿಯ ಗಿರಾಕಿಗಳು ಕಾಯುತ್ತಿದ್ದ ದಿನವಾಗಿದ್ದರೆ ಆ ತಟ್ಟೆಯನ್ನು ನಾನು ನೋಡುತ್ತಲೂ ಇರಲಿಲ್ಲ, ಅವರು ಕೇಳುತ್ತಲೂ ಇರಲಿಲ್ಲ.

ಹಣ ಪಾವತಿಯ ವಿಷಯದಲ್ಲಿ ಆತುರ ಸಲ್ಲದು. ಅಂಗಡಿಗಳು ಚೆಕ್ ಕೊಡುತ್ತವೆ. ಒಂದೇ ದಿನ 6,725 ಡಾಲರ್ ಮೀರಿದ ಮೊತ್ತ ಜಮೆ ಮಾಡಿದರೆ ಮಿಕ್ಕ ಹಣವನ್ನು ಬ್ಯಾಂಕು ಕೆಲವು ದಿನ ತಡೆಹಿಡಿಯಬಹುದು. ಅಮೆರಿಕದ ಖಾತೆ ಮುಚ್ಚುವ ದಿನಾಂಕಕ್ಕೂ ಕೊನೆಯ ಚೆಕ್‌ಗೂ ನಡುವೆ ಸಾಕಷ್ಟು ಅಂತರ ಇರಿಸಿಕೊಳ್ಳಿ. ಅಮೆರಿಕದ ತೆರಿಗೆಯಲ್ಲಿ ಚಿನ್ನ, ಬೆಳ್ಳಿ, ನಾಣ್ಯ ಎಲ್ಲವೂ ಸಂಗ್ರಹಯೋಗ್ಯ ವಸ್ತುಗಳ ಪಟ್ಟಿಯಲ್ಲಿವೆ. ಒಂದು ವರ್ಷ ಮೀರಿ ಇಟ್ಟುಕೊಂಡಿದ್ದರೂ ಲಾಭಕ್ಕೆ ಗರಿಷ್ಠ 28 ಪ್ರತಿಶತದವರೆಗೆ ತೆರಿಗೆ ಬೀಳಬಹುದು. ಮುಖಬೆಲೆ ಸಾವಿರ ಡಾಲರ್ ತಲುಪುವ ತೊಂಬತ್ತು ಪ್ರತಿಶತದ ಚಿಲ್ಲರೆಯನ್ನು ಒಟ್ಟಿಗೆ ಮಾರಿದರೆ ಅಂಗಡಿಯವರು 1099-ಬಿ ಎಂಬ ನಮೂನೆಯಲ್ಲಿ ತೆರಿಗೆ ಇಲಾಖೆಗೆ ವರದಿ ಮಾಡಬೇಕು, ಈಗಲ್‌ಗಳಿಗೆ ಆ ನಿಯಮವಿಲ್ಲ. ಅಂಗಡಿ ವರದಿ ಮಾಡಲಿ ಬಿಡಲಿ, ಲಾಭವನ್ನು ತೋರಿಸುವ ಹೊಣೆ ಮಾರಿದವರದೇ. ಹವ್ಯಾಸಕ್ಕೆಂದು ಕೊಂಡ ಪ್ರೂಫ್ ಸೆಟ್ಟಿನಂಥವುಗಳ ನಷ್ಟವನ್ನು ಲಾಭದಲ್ಲಿ ಕಳೆಯಲು ಬರುವುದಿಲ್ಲ ಎಂದು ಲೆಕ್ಕಪರಿಶೋಧಕರು ಹೇಳಿದಾಗ ಮತ್ತೊಮ್ಮೆ ನಿಟ್ಟುಸಿರು ಬಿಟ್ಟೆ.

ಹೆಂಡತಿ ಕೆಲವು ಈಗಲ್‌ಗಳನ್ನು ಮಾರದೆ ಉಳಿಸಿಕೊಂಡಿದ್ದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾವು ಸುಂಕದ ಸರಕಿದ್ದವರು ಹೋಗುವ ಕೆಂಪು ಮಾರ್ಗದಲ್ಲೇ ಹೋದೆವು. ನಾವು ಬಂದ ಹೊತ್ತಿನ ನಿಯಮದಂತೆ ಸುಂಕವಿಲ್ಲದ ರಿಯಾಯಿತಿ ಆಭರಣಕ್ಕೆ ಮಾತ್ರ, ನಾಣ್ಯಕ್ಕೂ ಗಟ್ಟಿಗೂ ಇಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಮರಳುವವರು 10 ಕಿಲೋವರೆಗಿನ ಬೆಳ್ಳಿಯನ್ನು ಸುಂಕ ಕೊಟ್ಟು ತರಬಹುದಿತ್ತು, ಆ ಸುಂಕವನ್ನು ವಿದೇಶಿ ಹಣದಲ್ಲೇ ಕಟ್ಟಬೇಕಿತ್ತು. ಜೇಬಿನಲ್ಲಿ ಒಂದಿಷ್ಟು ಡಾಲರ್ ನೋಟು ಉಳಿಸಿಕೊಂಡಿರಿ. ಬೆಳ್ಳಿಯ ಸುಂಕ 2024ರ ಜುಲೈ ಬಜೆಟ್ಟಿನಲ್ಲಿ 15ರಿಂದ 6 ಪ್ರತಿಶತಕ್ಕೆ ಇಳಿದಿದ್ದರಿಂದ ಹೊರೆ ಎನಿಸಲಿಲ್ಲ. ಕಾಸಿನ ನಾಣ್ಯವನ್ನೂ ಬಿಲ್ಲಿನ ಸಮೇತ ತೋರಿಸಿದೆ. ಅಧಿಕಾರಿ ಅದನ್ನು ತಿರುಗಿಸಿ ಅಕ್ಷರ ಓದಿ ನಕ್ಕು ಮರಳಿಸಿದರು. ನೂರು ವರ್ಷ ಮೀರಿದ ನಾಣ್ಯ ಒಮ್ಮೆ ಒಳಗೆ ಬಂದರೆ 1972ರ ಪುರಾತನ ವಸ್ತುಗಳ ಕಾಯಿದೆಯಂತೆ ಅದನ್ನು ಮತ್ತೆ ಹೊರದೇಶಕ್ಕೆ ಒಯ್ಯಲು ಖಾಸಗಿಯವರಿಗೆ ಅವಕಾಶವಿಲ್ಲ. ಇನ್ನೊಮ್ಮೆ ಅಮೆರಿಕಕ್ಕೆ ಹೋಗುವ ಸಾಧ್ಯತೆ ಇರುವವರು ಅಂಥವನ್ನು ತರುವ ಮುನ್ನ ಯೋಚಿಸಬೇಕು. ಸುಂಕದ ರಸೀದಿಯನ್ನು ಖರೀದಿಯ ಬಿಲ್ಲಿನ ಜೊತೆಯಲ್ಲಿಯೇ ಇಡಿ. ಆ ಬೆಳ್ಳಿಯನ್ನು ಮುಂದೆ ಇಲ್ಲಿ ಮಾರಿದಾಗ ಬಂಡವಾಳ ಲಾಭದ ಲೆಕ್ಕಕ್ಕೆ ಎರಡೂ ಬೇಕಾಗುತ್ತವೆ.